ಪಾದದ ಡಾಕ್ಟರು ಮತ್ತು ಅಕ್ಕನ ಕಪ್ಪು ಚಿಟ್ಟೆಗಳು

ನಮ್ಮ ಬೆಟ್ಟದೂರು ಲೊಮಾ ಆಲ್ತದ ಜನ ಇಗರ್ಜಿಗೆ ಹೋಗುವಾಗ ಮುಖ ತೊಳೆಯುತ್ತಾರೆ, ಡಾಕ್ಟರ ಹತ್ತಿರ ಹೋಗುವಾಗ ಕಾಲು ತೊಳೆಯುತ್ತಾರೆ. ಕೆಮ್ಮಿರಲಿ, ಹೊಟ್ಟೆನೋವಿರಲಿ, ಹೇಸರಗತ್ತೆ ಒದ್ದಿರಲಿ, ಎವೊದಿಯೊ ಕೊಲಿನ್ ಡಾಕ್ಟರ ಮುಂದೆ ಕೂತರೆ ಮೊದಲ ಮಾತು ಒಂದೇ: "ಶೂ ಬಿಚ್ಚಿ." ಆಮೇಲೆ ಅವನು ನೆಲದ ಮೇಲೆ ಮಂಡಿಯೂರಿ, ಹಿಮ್ಮಡಿ, ಬೆರಳಿನ ಸಂದು, ಉಗುರಿನ ಮೂಲೆ ಎಲ್ಲವನ್ನೂ ಕಾಳಿನಲ್ಲಿ ಕಲ್ಲು ಆರಿಸುವ ಹಾಗೆ ನೋಡುತ್ತಾನೆ. ಸಂತೆಯಲ್ಲಿ ಹೆಂಗಸರು ಆಡಿಕೊಂಡು ನಗುತ್ತಾರೆ: "ನನ್ ಹಿಮ್ಮಡಿ ಹೆಂಗಿದೆ ಅಂತ ನಮ್ಮನೆಯವ್ರಿಗೆ ಇವತ್ತಿಗೂ ಗೊತ್ತಿಲ್ಲ ಕಣೇ, ಡಾಕ್ಟರಿಗೆ ಬಾಯಿಪಾಠ."

ಅವನು ಎನ್ನುತ್ತಿದ್ದೇನೆಂದು ತಪ್ಪು ತಿಳಿಯಬೇಡಿ. ಊರಿಗೆಲ್ಲ ಅವನು ಡಾಕ್ಟರು. ನಾನು ಅವನ ಜೊತೆ ಒಂದೇ ಬೆಂಚಿನಲ್ಲಿ ಕೂತು ಅಕ್ಷರ ಕಲಿತವಳು, ನನ್ನ ಬಾಯಿಗೆ ಬಹುವಚನ ಬರುವುದಿಲ್ಲ. ನನ್ನ ಹೆಸರು ರೆಮೆದಿಯೊಸ್. ಅವನ ದವಾಖಾನೆಯ ಎದುರಿಗೇ ನನ್ನ ಬ್ರೆಡ್ಡಿನ ಭಟ್ಟಿ. ಸಿಹಿ ಮುಟ್ಟಬೇಡಿ ಎಂದು ಅವನು ಜನರಿಗೆ ಹೇಳಿ ಕಳಿಸುತ್ತಾನೆ, ಅವರು ರಸ್ತೆ ದಾಟಿ ನೇರ ನನ್ನ ಅಂಗಡಿಗೆ ಬರುತ್ತಾರೆ. ಅವನು ಮದುವೆಯಾಗಲಿಲ್ಲ. ನನ್ನನ್ನು ಕೇಳಲೂ ಇಲ್ಲ. ಕೇಳಿದ್ದರೆ ಒಲ್ಲೆ ಎನ್ನಲು ನಾನು ಬಹಳ ವರ್ಷ ತಯಾರಾಗಿಯೇ ಇದ್ದೆ.

ಪಾದದ ಹುಚ್ಚು ಅವನಿಗೆ ಸುಮ್ಮನೆ ಹತ್ತಿದ್ದಲ್ಲ. ಅವನ ಅಪ್ಪ ಬೆಳ್ಳಿಯ ಗಣಿಯಲ್ಲಿ ದುಡಿದವರು. ಮೈಯಲ್ಲಿ ಸಕ್ಕರೆ ಕಾಯಿಲೆ ಇದ್ದದ್ದು ಯಾರಿಗೂ ಗೊತ್ತಿರಲಿಲ್ಲ. ಬೂಟು ಕಚ್ಚಿ ಹೆಬ್ಬೆರಳಿಗಾದ ಗಾಯ ಕರ್ರಗಾಗುತ್ತ ಮೇಲೇರಿ, ಕಾಲನ್ನೇ ಕತ್ತರಿಸಬೇಕಾಯಿತು. ಕತ್ತರಿಸಿದ ಕಾಲನ್ನು ನಾವು ಬಿಸಾಡುವುದಿಲ್ಲ. ಪೆಟ್ಟಿಗೆಯಲ್ಲಿಟ್ಟು ಸ್ಮಶಾನದಲ್ಲಿ ಮಣ್ಣು ಮಾಡುತ್ತೇವೆ. ಯಜಮಾನ ಬರುವವರೆಗೆ ಅದು ಅಲ್ಲಿ ಕಾದಿರುತ್ತದೆ. ಆ ಪೆಟ್ಟಿಗೆ ಹಿಡಿದು ಮುಂದೆ ನಡೆದವನು ಎವೊದಿಯೊ. ಹಿಂದೆ ಮೇಣದಬತ್ತಿ ಹಿಡಿದು ಬಂದವಳು ಅವನ ಅಕ್ಕ ತೊಮಾಸ. ಅಮ್ಮ ಆಗಲೇ ತೀರಿಕೊಂಡಿದ್ದರು. ಅಪ್ಪನೂ ಕಾಲಿನ ಹಿಂದೆಯೇ ಹೋದ ಮೇಲೆ ತೊಮಾಸಕ್ಕ ಗಣಿಯ ಬಾಗಿಲಲ್ಲಿ ಕೂತು ತಮಾಲೆ ಮಾರಿದಳು. ಮೆಕ್ಕೆಜೋಳದ ಹಿಟ್ಟನ್ನು ತೆನೆಯ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವುದು ಅವಳಿಗೆ ಬರುತ್ತಿದ್ದ ಒಂದೇ ವಿದ್ಯೆ. ಅದರಲ್ಲೇ ತಮ್ಮನನ್ನು ಡಾಕ್ಟರು ಮಾಡಿದಳು.

ಓದು ಮುಗಿದವನು ವಾಪಸು ಊರಿಗೇ ಬಂದ. ಅವನು ಬಂದ ಮೇಲೆ ಸಕ್ಕರೆಯಿಂದ ಕಾಲು ಕಳೆದುಕೊಂಡವರು ನಮ್ಮಲ್ಲಿ ಒಬ್ಬರೂ ಇಲ್ಲ. ಸಕ್ಕರೆಗೇನೂ ಕಡಿಮೆಯಿಲ್ಲ, ಮನೆಗೊಬ್ಬರಿಗಾದರೂ ಇದೆ. ತಂಪು ಪಾನೀಯದ ಕೆಂಪು ಬಾಟಲಿಯಿಲ್ಲದೆ ನಾವು ಸತ್ತವರಿಗೆ ಎಡೆಯನ್ನೂ ಇಡುವುದಿಲ್ಲ. ತೊಮಾಸಕ್ಕನಿಗೂ ಇತ್ತು, ಸ್ವತಃ ಅವನಿಗೂ ಇತ್ತು. ಆದರೆ ಕಾಲುಗಳೆಲ್ಲ ಭದ್ರವಾಗಿದ್ದವು. ಸುತ್ತಲಿನ ಊರುಗಳ ಡಾಕ್ಟರುಗಳು ಬಂದು ಅವನು ಪಾದ ನೋಡುವ ರೀತಿ ನೋಡಿ ಕಲಿತುಕೊಂಡು ಹೋಗುತ್ತಿದ್ದರು. ಅವತ್ತು ನನ್ನ ಅಂಗಡಿಯ ಬ್ರೆಡ್ಡೂ ಚೆನ್ನಾಗಿ ಖರ್ಚಾಗುತ್ತಿತ್ತು.

ಕಣ್ಣಿನ ವಿಷಯ ಬೇರೆ. ಕಣ್ಣು ಮಂಜಾಗಿದೆ ಎಂದು ಯಾರಾದರೂ ಬಂದರೆ ಅವನು ಮೊರೇಲಿಯಾ ನಗರದ ದೊಡ್ಡಾಸ್ಪತ್ರೆಗೆ ಚೀಟಿ ಬರೆದು ಕಳಿಸುತ್ತಿದ್ದ. ಅವರು ತಿರುಗಿ ಬರುವಾಗ ಕೈಯಲ್ಲೊಂದು ಕೋಲು ಇರುತ್ತಿತ್ತು. "ತಡ ಮಾಡ್ಬಿಟ್ರಿ, ಮೊದ್ಲೇ ಬಂದು ಹೇಳ್ಬೇಕಿತ್ತು," ಎಂದು ಗದರುತ್ತಿದ್ದ. ಅವರೂ ತಮ್ಮದೇ ತಪ್ಪೆಂದು ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು. ಸಕ್ಕರೆ ಇದ್ದವರು ಬಾಯಿಬಿಟ್ಟು ಏನೂ ಹೇಳದಿದ್ದರೂ ವರ್ಷ ವರ್ಷ ಅವರ ಕಣ್ಣೊಳಗೆ ನೋಡಿಸಬೇಕು ಎಂಬುದನ್ನು ಅವನು ಎಲ್ಲೋ ಓದಿರಬಹುದು. ಓದಿದ್ದು ಓದಿದಲ್ಲೇ ಇತ್ತು. ಅವನೊಬ್ಬನೇ ಹಾಗಲ್ಲ, ಅಕ್ಕಪಕ್ಕದ ಡಾಕ್ಟರುಗಳೂ ದೂರು ಬಂದರೆ ಮಾತ್ರ ಕಣ್ಣು ಎನ್ನುವವರೇ.

ತೊಮಾಸಕ್ಕ ದೂರು ತರಲಿಲ್ಲ. ಅವಳು ಸಂತೋಷ ತಂದಳು.

ಅಕ್ಟೋಬರ್ ಶುರುವಾಗಿತ್ತು. ಆ ತಿಂಗಳು ನಮ್ಮ ಬೆಟ್ಟದಲ್ಲಿ ಮಂಜು ಮಧ್ಯಾಹ್ನದವರೆಗೂ ಏಳುವುದಿಲ್ಲ. ಹೊಲದ ತುಂಬ ಚೆಂಡುಹೂವು, ಮೇಲೆ ಓಯಾಮೆಲ್ ಮರಗಳ ಕರಿಹಸಿರು ಕಾಡು, ಎರಡರ ನಡುವೆ ಎಲ್ಲ ಬೆಳ್ಳಗೆ. ಇಡೀ ಊರು ನಿದ್ದೆಯಲ್ಲಿ ನಡೆದಾಡುವಂತೆ ಇರುತ್ತದೆ. ತಿಂಗಳ ಕೊನೆಗೆ ಸತ್ತವರ ಹಬ್ಬ. ಅದೇ ಹೊತ್ತಿಗೆ ಬಡಗಣ ದಿಕ್ಕಿನಿಂದ ಕಿತ್ತಳೆ ಬಣ್ಣದ ಚಿಟ್ಟೆಗಳು ಮೋಡ ಮೋಡವಾಗಿ ಬಂದು ನಮ್ಮ ಕಾಡಿನಲ್ಲಿ ಇಳಿಯುತ್ತವೆ. ಅವು ನಮ್ಮ ಸತ್ತವರು. ಹಾಗೆಂದು ನಾವು ನಂಬುತ್ತೇವೆ ಎಂದರೆ ತಪ್ಪಾಗುತ್ತದೆ. ಮಳೆ ಬಂದರೆ ಮಳೆ ಬಂತು ಎನ್ನುವ ಹಾಗೆ, ಚಿಟ್ಟೆ ಬಂದರೆ ಅವರು ಬಂದರು ಎನ್ನುತ್ತೇವೆ.

ಒಂದು ಬೆಳಿಗ್ಗೆ ನಾನು ಬ್ರೆಡ್ಡು ಕೊಡಲು ಹೋದಾಗ ತೊಮಾಸಕ್ಕ ಅಡುಗೆಮನೆಯ ಸುಣ್ಣದ ಗೋಡೆಗೆ ಎದುರಾಗಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಒಲೆ ಹಚ್ಚಿರಲಿಲ್ಲ. ಮುಖದಲ್ಲಿ ಮದುವಣಗಿತ್ತಿಯ ಕಳೆ.

"ಬಾಗ್ಲು ಹಾಕ್ಬೇಡ ಕಣೇ ರೆಮೆ, ಮೆಲ್ಲಗೆ ಬಾ," ಎಂದಳು. "ಬಂದವ್ರೆ."

"ಯಾರು?"

"ಇನ್ಯಾರು? ನೋಡು, ಗೋಡೆ ಮೇಲೆ. ಮೂರ್ನಾಲ್ಕು ಜನ. ತೇಲ್ತಾ ಇದಾರೆ."

ನಾನು ನೋಡಿದೆ. ಗೋಡೆಯ ಮೇಲೆ ಸುಣ್ಣ ಬಿಟ್ಟು ಏನೂ ಇರಲಿಲ್ಲ. ಆದರೆ ಸತ್ತವರು ಎಲ್ಲರಿಗೂ ಕಾಣಿಸಿಕೊಳ್ಳಬೇಕೆಂದು ಎಲ್ಲಿ ಬರೆದಿದೆ? ನಾನು ಎದೆಗೆ ಶಿಲುಬೆಯ ಗುರುತು ಹಾಕಿಕೊಂಡು ಬ್ರೆಡ್ಡನ್ನು ಮೇಜಿನ ಮೇಲೆ ಶಬ್ದವಾಗದಂತೆ ಇಳಿಸಿದೆ.

ಸುದ್ದಿ ಊರೆಲ್ಲ ಹಬ್ಬಿತು. ಈ ಸಲ ಮೊದಲು ಬಂದದ್ದು ತೊಮಾಸಳ ಮನೆಗೆ! ಹೆಂಗಸರು ಮಡಿಲಲ್ಲಿ ಚೆಂಡುಹೂವು ತಂದರು, ಧೂಪ ತಂದರು, ಕುಂಬಳಕಾಯಿಯನ್ನು ಬೆಲ್ಲದಲ್ಲಿ ಬೇಯಿಸಿ ತಂದರು. ಎಡೆಯ ಮೇಜು ಹಬ್ಬಕ್ಕೆ ಬಹಳ ಮುಂಚೆಯೇ ಸಿದ್ಧವಾಯಿತು. ಸಂಜೆಯ ಹೊತ್ತು ಅವಳ ಕೋಣೆಯಲ್ಲಿ ಜನ ಸುಮ್ಮನೆ ಕೂತಿರುತ್ತಿದ್ದರು. ಹೊಗೆ ಮೇಲೇರುತ್ತಿತ್ತು, ಮಂಜು ಬಾಗಿಲಿನ ತನಕ ಬಂದು ನಿಲ್ಲುತ್ತಿತ್ತು. ಅವಳು ಕನಸು ಹೇಳುವವಳ ಹಾಗೆ ನಿಧಾನವಾಗಿ ಹೇಳುತ್ತ ಹೋಗುತ್ತಿದ್ದಳು: ಈಗ ಒಬ್ಬರು ಮೇಲಕ್ಕೆ ಹೋದರು, ಈಗ ಇನ್ನೊಬ್ಬರು ಕೆಳಗಿಳಿಯುತ್ತಿದ್ದಾರೆ, ಎಷ್ಟು ಮೆತ್ತಗೆ ಇಳಿಯುತ್ತಾರೆ ನೋಡಿ, ಹೊಗೆಗಿಂತ ಮೆತ್ತಗೆ.

"ನಮ್ಮಪ್ಪ ಇದಾರಾ ಅಕ್ಕಾ?" ಎಂದು ಒಬ್ಬಳು ಕೇಳುತ್ತಿದ್ದಳು.

"ಆ ಮೂಲೆಯವರು ಇರ್ಬೇಕು. ಸ್ವಲ್ಪ ಕುಂಟ್ತಾರೆ."

"ಅವರೇ ಕಣಮ್ಮ!" ಎಂದು ಅವಳು ಅತ್ತುಬಿಡುತ್ತಿದ್ದಳು.

ಮಧ್ಯಾಹ್ನದ ಊಟಕ್ಕೆ ಎವೊದಿಯೊ ಬರುವುದು ಅಕ್ಕನ ಮನೆಗೇ. ಡಾಕ್ಟರಾಗಿ ಬಂದ ದಿನದಿಂದಲೂ ಅವಳ ಎದುರು ಕೂತು ಅದೇ ಮೇಜಿನಲ್ಲಿ ಉಂಡವನು. ಆ ತಿಂಗಳು ಊಟವಾದ ಮೇಲೂ ಅವನು ಏಳುತ್ತಿರಲಿಲ್ಲ. ಅಕ್ಕ ಹೇಳುವುದನ್ನು ಕಣ್ಣುಮುಚ್ಚಿ ಕೇಳುತ್ತಿದ್ದ. ನಾನು ಹೋಗಿ ಬಾಗಿಲ ಬಳಿ ಕೂರುತ್ತಿದ್ದೆ.

"ಲಿಬೋರಿಯೊ ಬಂದಿದಾನೆ," ಎಂದಳು ಒಂದು ದಿನ. ಲಿಬೋರಿಯೊ ಅವಳ ಗಂಡ. ಮರ ಸಾಗಿಸುವ ಲಾರಿ ಉರುಳಿ ಹೋದವನು. "ಬದುಕಿದ್ದಾಗ ಒಂದ್ ಕಡೆ ಕೂರ್ತಿರ್ಲಿಲ್ಲ, ಈಗ್ಲೂ ಅಷ್ಟೆ. ಓಡಾಡ್ತಾನೇ ಇದಾನೆ."

"ಅಪ್ಪ?" ಎಂದ ಎವೊದಿಯೊ.

"ಅಪ್ಪನೂ ಇದಾರೆ. ಎರಡೂ ಕಾಲಿದೆ ಕಣೋ ಅವ್ರಿಗೆ."

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಊರಿನವರ ಪಾದಗಳನ್ನೆಲ್ಲ ಹಿಡಿದು ಅವನು ಯಾರ ಪಾದ ಹುಡುಕುತ್ತಿದ್ದನೋ ಅದು ಕೊನೆಗೂ ಸಿಕ್ಕಿತ್ತು. ಅಂಥವನಿಗೆ ಏನಾದರೂ ಕೇಳಬೇಕು ಎಂದು ಹೊಳೆಯುವುದಾದರೂ ಹೇಗೆ? ಒಂದೇ ಒಂದು ಸಲ ಕೇಳಿದ: "ಬಣ್ಣ ಕಿತ್ತಳೆನಾ ಅಕ್ಕ?"

"ಅಲ್ಲ, ಕಪ್ಪು. ದೂರದಿಂದ ಬಂದವ್ರೆ, ದಣಿದವ್ರೆ. ಹಬ್ಬದ ಹೊತ್ತಿಗೆ ಬಣ್ಣ ಬರುತ್ತೆ ಬಿಡು."

ಸರಿ ಎಂದು ಅವನು ಒಪ್ಪಿಕೊಂಡ. ನಾನೂ ಒಪ್ಪಿಕೊಂಡೆ. ನಿಜ ಹೇಳಬೇಕೆಂದರೆ ಆ ದಿನಗಳಷ್ಟು ಸುಖವಾದ ದಿನಗಳನ್ನು ನಾನು ಆ ಮನೆಯಲ್ಲಿ ಬೇರೆ ಕಂಡಿಲ್ಲ. ತೊಮಾಸಕ್ಕ ಹಾಡು ಗುನುಗುತ್ತಿದ್ದಳು. ಒಲೆಗೆ ಕಟ್ಟಿಗೆ ಇಡುವಾಗ ಕೈ ಸುಟ್ಟುಕೊಂಡಳು, ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಂಡಳು. ಸತ್ತವರ ಗುಂಗಿನಲ್ಲಿದ್ದಾಳೆ, ಪಾಪ, ಎಂದು ನಾವೆಲ್ಲ ನಕ್ಕೆವು.

ಹಬ್ಬದ ದಿನ ಮಂಜು ಬೆಳಿಗ್ಗೆಯೇ ಎದ್ದುಹೋಯಿತು. ಬಿಸಿಲು ಬಿತ್ತು. "ಬಂದ್ರು! ಬಂದ್ರು!" ಎಂದು ಮೇಲಿನ ಹೊಲದಿಂದ ಯಾರೋ ಕೂಗಿದರು. ಇಡೀ ಊರು ಹೊರಗೆ ಓಡಿತು. ಬಡಗಣ ಕಣಿವೆಯಿಂದ ಚಿಟ್ಟೆಗಳು ಬರುತ್ತಿದ್ದವು, ಒಂದು ನದಿಯೇ ಗಾಳಿಯಲ್ಲಿ ಹರಿದ ಹಾಗೆ. ರೆಕ್ಕೆಗಳ ಸದ್ದು ಕೇಳಿಸುವಷ್ಟು ಊರು ಮೌನವಾಗಿತ್ತು. ಚೆಂಡುಹೂವಿನ ಹೊಲ ಯಾವುದು, ಚಿಟ್ಟೆ ಯಾವುದು ಹೇಳಲಾಗುತ್ತಿರಲಿಲ್ಲ. ನಾನು ತೊಮಾಸಕ್ಕನ ಕೈ ಹಿಡಿದು ಬೇಲಿಯವರೆಗೆ ಕರೆತಂದೆ. ಒಂದು ಚಿಟ್ಟೆ ಬಂದು ಅವಳ ಎದೆಯ ಮೇಲಿನ ಶಾಲಿಗೆ ಕೂತು ರೆಕ್ಕೆ ಬಿಚ್ಚಿತು.

"ಎಲ್ಲಿ?" ಎಂದಳು ತೊಮಾಸಕ್ಕ, ಕಾಡಿನ ಕಡೆ ಮುಖವೆತ್ತಿ.

"ಎಲ್ಲೆಲ್ಲೂ ಕಣಕ್ಕಾ. ನಿನ್ನ ಶಾಲಿನ ಮೇಲೇ ಒಂದ್ ಕೂತಿದೆ!"

ಅವಳು ಶಾಲಿನ ಕಡೆ ನೋಡಿ ಹುಬ್ಬು ಗಂಟಿಕ್ಕಿದಳು. "ನಂಗೆ ನನ್ನವೇ ಕಾಣ್ತವೆ. ಅವೇ ಕಪ್ಪಗಿರೋವು. ಬೇರೆ ಎಲ್ಲಾ ಮಬ್ಬು."

ಎವೊದಿಯೊ ನಮ್ಮ ಪಕ್ಕದಲ್ಲೇ ನಿಂತಿದ್ದ. ಅವನು ಮೊದಲು ಚಿಟ್ಟೆಯನ್ನು ನೋಡಿದ, ಆಮೇಲೆ ಅಕ್ಕನ ಮುಖ ನೋಡಿದ.

"ಅಕ್ಕ, ಒಂಚೂರು ಎಡಕ್ಕೆ ನೋಡು. ತಲೆ ಅಲ್ಲಾಡಿಸ್ಬೇಡ, ಬರೀ ಕಣ್ಣು."

"ನೋಡ್ದೆ."

"ನಿನ್ನವು ಎಲ್ಲಿ ಹೋದ್ವು?"

"ಎಡಕ್ಕೇ ಬಂದ್ವು."

"ಬಲಕ್ಕೆ ನೋಡು."

"ಬಲಕ್ಕೆ ಬಂದ್ವು. ನಾನೆಲ್ ನೋಡಿದ್ರೆ ಅಲ್ಲಿಗೇ ಬರ್ತವೆ. ನಿನ್ ಥರ ಅಲ್ಲ, ಮಾತು ಕೇಳ್ತವೆ."

ಅವನು ನಗಲಿಲ್ಲ. ಅಂಗೈಯಿಂದ ಅವಳ ಎಡಗಣ್ಣು ಮುಚ್ಚಿದ. "ಈಗ?"

"ಈಗೇನು, ಕತ್ತಲೆ. ಬಲಗಣ್ಣು ಬೇಸಿಗೇಲೇ ಹೋಯ್ತಲ್ಲ."

"ಬೇಸಿಗೇಲಿ? ನಂಗ್ಯಾಕೆ ಹೇಳ್ಲಿಲ್ಲ ಅಕ್ಕ?"

"ನೀನು ಕೇಳ್ಲಿಲ್ಲ. ಕಾಲು ತೋರ್ಸು ಅಂದೆ, ತೋರ್ಸ್ದೆ. ವಯಸ್ಸಾದ್ಮೇಲೆ ಒಂದೊಂದಾಗಿ ಹೋಗುತ್ತೆ, ಅದಕ್ಕೆಲ್ಲಾ ಊರು ಕೂಗ್ಬೇಕಾ?"

ಅವನು ಬೇಲಿಯ ಗೂಟ ಹಿಡಿದುಕೊಂಡ. ಸುತ್ತ ಜನ ತಲೆಯೆತ್ತಿ ನಗುತ್ತಿದ್ದರು, ಅಳುತ್ತಿದ್ದರು, ಸತ್ತವರ ಹೆಸರು ಹಿಡಿದು ಕರೆಯುತ್ತಿದ್ದರು. ಅವನು ನನ್ನ ಕಿವಿಯ ಹತ್ತಿರ ಬಂದು ಹೇಳಿದ: "ರೆಮೆ, ಅದು ರಕ್ತ ಕಣೆ. ಕಣ್ಣೊಳಗೆ ರಕ್ತ ಸೋರ್ತಾ ಇದೆ. ಒಂದು ಕಣ್ಣು ಹೋಗಿದೆ, ಇನ್ನೊಂದು ಹೋಗ್ತಾ ಇದೆ. ವ್ಯಾನ್ ತೆಗಿ."

ಬ್ರೆಡ್ಡು ಸಾಗಿಸುವ ನನ್ನ ವ್ಯಾನ್ ತೆಗೆಯುವುದು ಸುಲಭ. ತೊಮಾಸಕ್ಕನನ್ನು ಹತ್ತಿಸುವುದು ಸುಲಭವಿರಲಿಲ್ಲ. ಎಡೆಯ ಮುಂದೆ ಕೂತುಬಿಟ್ಟಳು. ಸತ್ತವರು ಮನೆಗೆ ಬರುವ ದಿನ ಮನೆಯವರು ಬಾಗಿಲು ಹಾಕಿಕೊಂಡು ಹೋದದ್ದು ನಮ್ಮೂರಿನಲ್ಲಿ ಯಾರೂ ಕೇಳಿಲ್ಲ.

"ಎಲೆ ಮುಂದೆ ಕೂರ್ಸಿ, ನೆಂಟ್ರನ್ನ ಬಿಟ್ಟು ಹೋಗು ಅಂತೀಯಾ? ನಿಂಗೇನ್ ಹುಚ್ಚಾ ಎವೊದಿಯೊ? ಅವ್ರು ನನ್ನ ನೋಡೋಕೆ ಅಂತ ತಿಂಗ್ಳ ಮೊದ್ಲೇ ಬಂದವ್ರೆ."

"ಅಕ್ಕ, ಅವ್ರಲ್ಲ ಅದು. ಅದು ಕಾಯಿಲೆ."

"ಹಂಗಾದ್ರೆ ಅಪ್ಪ?"

ಅವಳಿಗೆ ಕೋಪಕ್ಕಿಂತ ಭಯವಾಗಿತ್ತು. ಅವಳ ಮನೆಯನ್ನು ತುಂಬಿದ್ದವರನ್ನು ಅವನು ಒಂದೇ ಮಾತಿನಲ್ಲಿ ಹೊರಗೆ ಹಾಕಿದ್ದ. ನೋಡಿ ನೋಡಿ ನನಗೆ ತಡೆಯಲಾಗಲಿಲ್ಲ.

"ಸತ್ತವ್ರು ಮುಂದಿನ್ ವರ್ಷನೂ ಬರ್ತಾರೆ ಕಣೇ ಮಾರಾಯ್ತಿ, ಅವ್ರಿಗೆ ಬೇರೆ ಕೆಲ್ಸ ಇಲ್ಲ! ಹೋದ್ ಕಣ್ಣು ಬರುತ್ತಾ? ಮುಂದಿನ್ ವರ್ಷ ಅವ್ರ ಬಾಯಿಗೆ ತಮಾಲೆ ಬದ್ಲು ಬೂದಿ ಬಡಿಸ್ತೀಯಾ, ಕುರುಡಿ? ಏಳು ಮೇಲೆ!"

ನನ್ನ ಬಾಯಿ ದೊಡ್ಡದು, ಗೊತ್ತು. ಆದರೆ ಅವಳು ಎದ್ದಳು. ಪಕ್ಕದ ಮನೆಯವರನ್ನು ಕರೆದು, ದೀಪ ಆರಬಾರದು, ಲಿಬೋರಿಯೊಗೆ ಕಾಫಿ ಬಿಸಿಯಾಗಿರಬೇಕು, ಅಪ್ಪನಿಗೆ ಕುರ್ಚಿ ಹಾಕಿರಬೇಕು ಎಂದು ಹೇಳಿ ವ್ಯಾನ್ ಹತ್ತಿದಳು. ಬೆಟ್ಟ ಇಳಿಯುವವರೆಗೂ ಚಿಟ್ಟೆಗಳು ಎದುರಿನಿಂದ ಊರ ಕಡೆ ಬರುತ್ತಿದ್ದವು. ಗಾಜಿಗೆ ಬಡಿಯಬಾರದೆಂದು ನಾನು ನಡಿಗೆಯ ವೇಗದಲ್ಲಿ ಗಾಡಿ ಓಡಿಸಿದೆ. ಅವಳು ತಮ್ಮನ ಜೊತೆ ಒಂದು ಮಾತೂ ಆಡಲಿಲ್ಲ.

ಮೊರೇಲಿಯಾದಲ್ಲೂ ಹಬ್ಬ. ಆಸ್ಪತ್ರೆಯ ಕಾರಿಡಾರು ಖಾಲಿ. ಕಣ್ಣಿನ ವಿಭಾಗದಲ್ಲಿ ಡಾಕ್ಟರ್ ರೆಂದೊನ್ ಎಂಬ ಸಣ್ಣ ವಯಸ್ಸಿನ ಹೆಂಗಸೊಬ್ಬಳೇ ಕೂತು ಹಬ್ಬದ ಬ್ರೆಡ್ಡು ತಿನ್ನುತ್ತಿದ್ದಳು. ಕೈ ಒರೆಸಿಕೊಂಡು ಎದ್ದಳು. ತೊಮಾಸಕ್ಕನ ಕಣ್ಣಿಗೆ ಹನಿ ಹಾಕಿ, ಪಾಪೆ ಅರಳುವವರೆಗೆ ಕೂರಿಸಿ, ಕತ್ತಲೆ ಕೋಣೆಗೆ ಕರೆದುಕೊಂಡು ಹೋಗಿ ಬಹಳ ಹೊತ್ತು ನೋಡಿದಳು.

"ಇವ್ರ ಕಣ್ಣೊಳಗೆ ಇದಕ್ಕೆ ಮುಂಚೆ ಯಾರು ನೋಡಿದ್ದು?" ಎಂದು ಕೇಳಿದಳು.

"ಯಾರೂ ಇಲ್ಲ," ಎಂದ ಎವೊದಿಯೊ.

"ಸಕ್ಕರೆ ಎಷ್ಟು ವರ್ಷದಿಂದ?"

"ಬಹಳ ವರ್ಷ."

"ಇವ್ರನ್ನ ನೋಡ್ಕೊಳ್ತಿದ್ದ ಡಾಕ್ಟರು?"

"ನಾನೇ," ಎಂದ. "ತಮ್ಮನೂ ನಾನೇ."

ಬೈಯುತ್ತಾಳೆ ಎಂದುಕೊಂಡೆ. ಅವಳು ಬೈಯಲಿಲ್ಲ. ದಣಿದವಳಂತೆ ಕುರ್ಚಿಗೆ ಒರಗಿದಳು. "ಇಲ್ಲಿಗೆ ಬರೋರೆಲ್ಲಾ ಹೀಗೇ ಬರೋದು ಡಾಕ್ಟರೆ. ಒಳ್ಳೇ ಡಾಕ್ಟರ ಹತ್ರ ಇದ್ದೋರೇ ಬರ್ತಾರೆ. ಇದು ನೋಯಲ್ಲ. ಎಷ್ಟೋ ವರ್ಷ ಒಳಗೊಳಗೇ ಹಾಳಾಗ್ತಿದ್ರೂ ಕಣ್ಣು ಕಾಣ್ತಾನೇ ಇರುತ್ತೆ. ಕಾಣಲ್ಲ ಅನ್ನೋ ಹೊತ್ತಿಗೆ ನಮ್ಮ ಕೈಲಿ ಉಳಿದಿರೋದು ಕಮ್ಮಿ." ಬಲಗಣ್ಣು ಹೋದದ್ದೇ, ಅದಕ್ಕೆ ದಾರಿಯಿಲ್ಲ ಎಂದಳು. ಎಡಗಣ್ಣಿಗೆ ಲೇಸರ್ ಬೆಳಕಿನಿಂದ ಸೋರುವುದನ್ನು ತಡೆಯಬಹುದು, ಒಳಗಿನ ಊತಕ್ಕೆ ತಿಂಗಳು ತಿಂಗಳು ಚುಚ್ಚುಮದ್ದು ಕೊಡಬಹುದು. ಉಳಿಯುತ್ತದೋ ಇಲ್ಲವೋ ಚಳಿಗಾಲ ಕಳೆದ ಮೇಲೆ ಹೇಳಬೇಕು.

"ನಾನೂ ಒಮ್ಮೆ ನೋಡ್ಬಹುದಾ?" ಎಂದು ಕೇಳಿದ ಎವೊದಿಯೊ.

ಅವಳು ತನ್ನ ಕುರ್ಚಿ ಬಿಟ್ಟುಕೊಟ್ಟಳು. ಅವನು ಯಂತ್ರಕ್ಕೆ ಕಣ್ಣಿಟ್ಟ. ಆ ಕಡೆ ಅಕ್ಕ ಗಲ್ಲವೂರಿ ಕೂತಿದ್ದಳು, ಈ ಕಡೆ ತಮ್ಮ. ಎಷ್ಟು ಹೊತ್ತು ಹಾಗೆ ಕೂತಿದ್ದರೋ. ಅವನ ಬೆನ್ನು ಅಲುಗಲು ಶುರುವಾದ ಮೇಲೆ ಅವನು ಅಳುತ್ತಿದ್ದಾನೆಂದು ನನಗೆ ಗೊತ್ತಾಯಿತು. ಡಾಕ್ಟರ್ ರೆಂದೊನ್ ಅವನ ಭುಜ ಮುಟ್ಟಿ, "ನಿಮಗೂ ಸಕ್ಕರೆ ಇದೆಯಾ?" ಎಂದಳು. ಇದೆ ಎಂದು ತಲೆಯಾಡಿಸಿದ. "ಹಂಗಾದ್ರೆ ನೀವೂ ಆ ಕಡೆ ಕೂತ್ಕೊಳ್ಳಿ," ಎಂದು ಅವನ ಕಣ್ಣಿಗೂ ಹನಿ ಹಾಕಿದಳು. ಅವನಿಗೂ ಶುರುವಾಗಿತ್ತು, ಆದರೆ ಸ್ವಲ್ಪ, ಕಾದು ನೋಡುವಷ್ಟು.

ಸಂಜೆ ನಾನು ಅಕ್ಕ ತಮ್ಮ ಇಬ್ಬರನ್ನೂ ಚೌಕದ ಬೆಂಚಿನ ಮೇಲೆ ಕೂರಿಸಿದೆ. ಪಾಪೆ ಅರಳಿದ್ದರಿಂದ ಇಬ್ಬರಿಗೂ ಬೆಳಕು ತಡೆಯಲಾಗುತ್ತಿರಲಿಲ್ಲ. ಊರ ತುಂಬ ಹಚ್ಚಿದ್ದ ದೀಪಗಳು ಅವನಿಗೆ ದೊಡ್ಡ ದೊಡ್ಡ ಹೂವುಗಳಾಗಿ ಕರಗಿ ಕಾಣುತ್ತಿದ್ದವಂತೆ. ಗುಲಾಬಿ ಬಣ್ಣದ ಕಲ್ಲಿನ ಇಗರ್ಜಿ ಗಾಳಿಗೆ ಅಲ್ಲಾಡುತ್ತಿತ್ತಂತೆ. ಅಕ್ಕ ಶಾಲಿನಿಂದ ಮುಖ ಮುಚ್ಚಿಕೊಂಡು ಕೂತೇ ಇದ್ದಳು.

"ಕಾಲೇಜಲ್ಲಿ ನಮಗೊಂದು ಬೆಳಕಿನ ಕೊಳವೆ ಕೊಟ್ಟಿದ್ರು," ಎಂದ ಅವನು ನನಗೆ, ಮೆಲ್ಲಗೆ. "ಕಣ್ಣೊಳಗೆ ನೋಡೋದಕ್ಕೆ. ಸಾಲಾಗಿ ನಿಂತು ಒಬ್ಬೊಬ್ರೇ ನೋಡ್ಬೇಕು. ನಂಗೆ ಬರೀ ಕೆಂಪು ಕಾಣ್ತು. ಕಾಣ್ತಾ ಅಂದ್ರು ಮೇಷ್ಟ್ರು. ಕಾಣ್ತು ಸರ್ ಅಂದೆ. ಎಲ್ರೂ ಹಂಗೇ ಅಂದ್ರು ರೆಮೆ. ಯಾರಿಗೂ ಏನೂ ಕಂಡಿರ್ಲಿಲ್ಲ. ಇವತ್ತೇ ನಾನು ಮೊದಲ್ನೇ ಸಲ ನೋಡಿದ್ದು."

"ಹೆಂಗಿತ್ತು?"

"ಕಿತ್ತಳೆ," ಎಂದ. "ಹಿಂದೆಲ್ಲಾ ಕಿತ್ತಳೆ ಬಣ್ಣ. ಅದ್ರ ಮುಂದೆ ಕಪ್ಪಗೆ ತೇಲ್ತಿತ್ತು, ಅಕ್ಕ ಹೇಳ್ದಂಗೇ. ಅವ್ಳು ಸುಳ್ಳು ಹೇಳಿರ್ಲಿಲ್ಲ."

ಆ ಚಳಿಗಾಲ ತೊಮಾಸಕ್ಕನ ಮನೆಯಲ್ಲಿ ಮಾತಿರಲಿಲ್ಲ. ತಿಂಗಳಿಗೊಮ್ಮೆ ನಾನು ಅವಳನ್ನು ಮೊರೇಲಿಯಾಗೆ ಕರೆದೊಯ್ಯುತ್ತಿದ್ದೆ. ಕಣ್ಣಿನೊಳಗಿನ ರಕ್ತ ನಿಧಾನವಾಗಿ ಇಂಗುತ್ತ ಹೋಯಿತು. ಒಂದೊಂದಾಗಿ ಅವಳ ಕಪ್ಪು ಚಿಟ್ಟೆಗಳು ಹೋದವು. ಮೊದಲು ಅಪ್ಪ, ಕೊನೆಗೆ ಲಿಬೋರಿಯೊ. ಗೋಡೆ ಬರೀ ಗೋಡೆಯಾಯಿತು. ಎವೊದಿಯೊ ಊಟಕ್ಕೆ ಬಂದರೆ ತಟ್ಟೆ ಇಡುತ್ತಿದ್ದಳು, ಬಡಿಸುತ್ತಿದ್ದಳು, ಮುಖ ತಿರುಗಿಸಿಕೊಂಡು ಒಲೆಯ ಕಡೆ ಕೂರುತ್ತಿದ್ದಳು. "ಮನೆ ಖಾಲಿ ಮಾಡ್ಬಿಟ್ಟ," ಎಂದು ನನ್ನ ಹತ್ತಿರ ಹೇಳಿದಳು. ಅವನ ತಪ್ಪು ಬೇರೆಯದು, ಅವಳು ಹಿಡಿದ ತಪ್ಪು ಬೇರೆಯದು. ಎರಡನ್ನೂ ಅವನು ತಲೆ ತಗ್ಗಿಸಿ ಹೊತ್ತುಕೊಂಡ.

ಜನವರಿಯಲ್ಲಿ ತಾಲ್ಲೂಕಿನ ಡಾಕ್ಟರುಗಳೆಲ್ಲ ಅವನ ದವಾಖಾನೆಯಲ್ಲಿ ಸೇರಿದರು. ನಾನು ಬ್ರೆಡ್ಡು ಕಾಫಿ ತೆಗೆದುಕೊಂಡು ಹೋಗಿದ್ದೆ. ಪಾದದ ಪಾಠ ಕೇಳಲು ಬಂದವರಿಗೆ ಅವನು ಎದ್ದು ನಿಂತು ಕೇಳಿದ: "ಸಕ್ಕರೆ ಇರೋರನ್ನ, ಅವ್ರು ಏನೂ ಹೇಳ್ದೇ ಇದ್ರೂ, ಕಣ್ಣು ತೋರ್ಸೋಕೆ ಕಳಿಸೋರು ಕೈ ಎತ್ತಿ." ಎಲ್ಲರೂ ತಮ್ಮ ತಮ್ಮ ಶೂ ನೋಡಿಕೊಂಡರು. ಒಬ್ಬ ಕೈ ಎತ್ತಿದ. ಕಿಟಕಿ ತೆಗೆಯಲೇ, ಸೆಕೆಯಾಗುತ್ತಿದೆ ಎಂದ. ಎವೊದಿಯೊ ತನ್ನ ಅಕ್ಕನ ಕತೆಯನ್ನು ಏನನ್ನೂ ಮುಚ್ಚಿಡದೆ ಹೇಳಿದ. ಬಿಳಿ ಕೋಟಿನವರ ಮುಂದೆ ಅವನು ಹಾಗೆ ನಿಂತದ್ದು ನೋಡಿ, ಇವನು ಅವತ್ತೇ ನನ್ನನ್ನು ಕೇಳಿದ್ದರೆ ಒಲ್ಲೆ ಎನ್ನುತ್ತಿದ್ದೆನೋ ಇಲ್ಲವೋ ಎಂದು ಮೊದಲ ಸಲ ನನಗೆ ಅನುಮಾನ ಬಂತು.

ಆಮೇಲೆ ನನ್ನ ವ್ಯಾನಿಗೆ ಬಿಡುವೇ ಇಲ್ಲ. ದವಾಖಾನೆಗೆ ಬಂದವರು ಅಭ್ಯಾಸಬಲದಿಂದ ಶೂ ಬಿಚ್ಚಿ ಕೂರುತ್ತಾರೆ. ಅವನು ಪಾದ ನೋಡಿ, "ಈಗ ಶೂ ಹಾಕ್ಕೊಂಡು ರೆಮೆ ಗಾಡಿ ಹತ್ತಿ," ಎನ್ನುತ್ತಾನೆ. "ನಂಗೆ ಚೆನ್ನಾಗ್ ಕಾಣುತ್ತೆ ಡಾಕ್ಟರೆ, ಆ ಗುಡ್ಡದ ಮೇಲಿನ ಮೇಕೆ ಎಣಿಸ್ಲಾ?" ಎಂದು ಜಗಳ ಕಾಯುತ್ತಾರೆ. "ಕಾಣೋವಾಗ್ಲೇ ಹೋಗ್ಬೇಕು," ಎನ್ನುತ್ತಾನೆ. ಹೋದವರಲ್ಲಿ ಕೆಲವರ ಕಣ್ಣೊಳಗೆ ಆಗಲೇ ಶುರುವಾಗಿತ್ತು, ಅವರಲ್ಲಿ ಒಬ್ಬರಿಗೂ ಅದು ಗೊತ್ತಿರಲಿಲ್ಲ. ಮೇಕೆ ಎಣಿಸುತ್ತೇನೆ ಎಂದವನೂ ಅವರಲ್ಲೊಬ್ಬ.

ಮಾರ್ಚ್ ಬಂತು. ಚಿಟ್ಟೆಗಳು ಬಡಗಣ ದಿಕ್ಕಿಗೆ ಹೊರಡುವ ಕಾಲ. ಒಂದು ಮಧ್ಯಾಹ್ನ ನಾನು ತೊಮಾಸಕ್ಕನ ಅಡುಗೆಮನೆಯಲ್ಲಿ ಕೂತಿದ್ದೆ. ಎವೊದಿಯೊ ತನ್ನ ಜಾಗದಲ್ಲಿ ತಲೆ ಬಗ್ಗಿಸಿ ಕೂತಿದ್ದ. ತೆರೆದ ಬಾಗಿಲಿನಿಂದ ಬಿಸಿಲು ನೇರ ಅವನ ಮೇಲೆ ಬಿದ್ದಿತ್ತು. ತೊಮಾಸಕ್ಕ ಹುರುಳಿಯ ಸಾರು ಬಡಿಸಲು ಸೌಟು ಎತ್ತಿದವಳು ಹಾಗೇ ನಿಂತಳು.

ಸೌಟನ್ನು ವಾಪಸು ಇಟ್ಟಳು. ಮೇಜು ಸುತ್ತಿ ಬಂದು ಅವನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು.

"ಎವೊದಿಯೊ, ನಿನ್ ತಲೆ ಯಾವಾಗ ಬೆಳ್ಳಗಾಯ್ತೋ?"

ಅವನು ತಲೆ ಮುಟ್ಟಿ ನೋಡಿಕೊಂಡ.

"ಮೀಸೆನೂ ಬೆಳ್ಳಗಾಗಿದೆ. ಹಣೆ ಮೇಲೆ ಇದೇನಿದು ಇಷ್ಟು ಗೆರೆ?" ಒಂದು ಬೆರಳಿನಿಂದ ಆ ಗೆರೆಗಳನ್ನು ಸವರಿದಳು. "ನಾನು ದಿನಾ ಬಡಿಸ್ತಿದ್ದ ಹುಡುಗನ ಮೀಸೆ ಕಪ್ಪಗಿತ್ತಲ್ಲೋ."

"ಇದೆಲ್ಲಾ ಆಗಿ ಬಹಳ ವರ್ಷ ಆಯ್ತಕ್ಕ," ಎಂದ ಅವನು. ಅವನ ಧ್ವನಿ ಸಣ್ಣದಾಗಿತ್ತು. ಬೇಸಿಗೆಯಿಂದಲ್ಲ, ಅದಕ್ಕೆ ಎಷ್ಟೋ ವರ್ಷ ಮೊದಲಿನಿಂದ ಅವಳು ಅವನ ಮುಖವನ್ನು ಸರಿಯಾಗಿ ಕಂಡಿರಲಿಲ್ಲ. ನೆನಪಿನಲ್ಲಿದ್ದ ಮುಖಕ್ಕೆ ಬಡಿಸುತ್ತಿದ್ದಳು. ದಿನವೂ ಒಂದು ಮೇಜಿನಷ್ಟೇ ದೂರದಲ್ಲಿ ಕೂತು ಉಂಡ ಡಾಕ್ಟರಿಗೆ ಅದು ಆಗ ಅರ್ಥವಾಯಿತು. ನನಗೂ ಆಗಲೇ ಅರ್ಥವಾಯಿತು.

ಅವನ ಕಣ್ಣಲ್ಲಿ ನೀರು ಇಳಿಯಿತು. ಅವಳು ಸೆರಗಿನ ಹಾಗೆ ಶಾಲಿನ ತುದಿ ಎತ್ತಿ ಒರೆಸಿದಳು.

"ಅಳ್ಬೇಡ, ಸುಮ್ನೆ ಕೂರು," ಎಂದಳು. "ಸರಿಯಾಗಿ ನೋಡ್ಬೇಕು ನಿನ್ನ."

ಅವನು ಸುಮ್ಮನೆ ಕೂತ. ಅವಳು ಒಂದೇ ಕಣ್ಣಿನಲ್ಲಿ ಅವನನ್ನು ನೋಡುತ್ತ ನಿಂತಳು. ಸಾರು ಆರಿಹೋಯಿತು, ನಾವು ಯಾರೂ ಅವಳನ್ನು ಅವಸರಪಡಿಸಲಿಲ್ಲ.